ಹೊಂಗೆ ಮರದ ಹಿತ್ತಲು

“ಗುರುಗಳೇ, ಒಬ್ಬನಿಗೆ ಕೆಲಸ ಬರುತ್ತದೆ ಎಂದು ಯಾರು ಹೇಳಬೇಕು?”

ಕೇಳಿದವನು ಮುರಿಗೆಪ್ಪ. ಮಠದ ಶಿಷ್ಯರಲ್ಲಿ ಗಿಡಮರಗಳ ಹೊಣೆ ಅವನದು. ಅವನ ಕೈಯಲ್ಲಿ ನಾಲ್ಕು ಹಾಳೆಯ ಒಂದು ಅರ್ಜಿ ಇತ್ತು.

ಪಾಠ ಆಗತಾನೇ ಮುಗಿದಿತ್ತು. ಯುಗಾದಿಯಿಂದ ಈಚೆಗೆ ಗುರುಗಳು ಮುಂದಿನ ಅಂಗಳ ಬಿಟ್ಟು ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನುಗ್ಗೆ ಮರದ ಕೆಳಗೆ ಪಾಠ ಹೇಳುತ್ತಿದ್ದರು. ವಯಸ್ಸಾದವರು ಕೂರುವ ಜಾಗ ಬದಲಿಸುವುದುಂಟು ಎಂದುಕೊಂಡು ಶಿಷ್ಯರು ತಮ್ಮ ಚಾಪೆಗಳನ್ನು ಅಲ್ಲಿಗೇ ತಂದುಕೊಂಡಿದ್ದರು. ಉಳಿದವರು ಊಟಕ್ಕೆ ಎದ್ದರು. ಮುರಿಗೆಪ್ಪ ಏಳಲಿಲ್ಲ.

“ಯಾವ ಕೆಲಸ?” ಎಂದರು ಗುರುಗಳು.

“ತೋಟ ಕಟ್ಟುವ ಕೆಲಸ. ಪೇಟೆಯಲ್ಲಿ ಉದ್ಯಾನ ವಿನ್ಯಾಸಕಾರರು ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ಮೂರು ದರ್ಜೆ ಇಟ್ಟಿದ್ದಾರೆ. ದರ್ಜೆ ಸಿಕ್ಕವರ ಹೆಸರು ಪಟ್ಟಿಯಲ್ಲಿ ಬರುತ್ತದೆ. ಸಿಕ್ಕದವರನ್ನು ಮಾಲಿ ಎನ್ನುತ್ತಾರೆ.”

“ಮಾಲಿ ಎಂದರೆ ತಪ್ಪೇನಪ್ಪಾ?”

“ತಪ್ಪಿಲ್ಲ. ಆದರೆ ಮಾಲಿಯನ್ನು ಕರೆದು ಗುಂಡಿ ತೋಡು ಎನ್ನುತ್ತಾರೆ. ಎಲ್ಲಿ ತೋಡಬೇಕು ಎಂದು ಅವನನ್ನು ಯಾರೂ ಕೇಳುವುದಿಲ್ಲ.”

ಗುರುಗಳಿಗೆ ಈ ಮಾತು ಸರಿ ಎನಿಸಿತು. “ಅರ್ಜಿ ಓದು” ಎಂದರು.

ಮುರಿಗೆಪ್ಪ ಓದಿದ. “ಮಾಡಿದ ಕೆಲಸ: ಮಠದ ಮುಂದಿನ ಅಂಗಳ. ಹುಲ್ಲುಹಾಸು, ಒಂದು. ಎಂಟು ಮೂಲೆಯ ಹೂಪಾತಿ, ಒಂದು. ಕಾರಂಜಿ, ಒಂದು. ಅಡ್ಡವಾಗಿದ್ದ ಮರಗಳ ತೆರವು, ಎರಡು. ಹಳೆಯ ಕಟ್ಟೆಯ ತೆರವು, ಒಂದು.” ಕೊನೆಯ ಹಾಳೆ ತಿರುಗಿಸಿದ. “ಇಲ್ಲಿ ತಮ್ಮ ರುಜು ಬೇಕು. ‘ಇವರ ಕೆಲಸವನ್ನು ಖುದ್ದಾಗಿ ನೋಡಿದ್ದೇನೆ’ ಎಂದು ಅಚ್ಚಾಗಿಯೇ ಇದೆ. ತಾವು ಬರೆಯಬೇಕಾದ್ದು ಏನೂ ಇಲ್ಲ. ನಾಳೆಯೇ ಕೊನೆಯ ದಿನ.”

ಗುರುಗಳು ಅರ್ಜಿಯನ್ನು ಒಗೆಯುವ ಕಲ್ಲಿನ ಮೇಲಿಟ್ಟರು. ಹಾರದಂತೆ ಅದರ ಮೇಲೊಂದು ಹೆಂಚಿನ ಚೂರು ಇಟ್ಟರು. “ಒಂದು ಕತೆ ಇದೆ” ಎಂದರು.

ಊಟ ತಡವಾಗುತ್ತದೆ ಎಂದು ಮುರಿಗೆಪ್ಪನಿಗೆ ತಿಳಿಯಿತು.

ಒಂದು ರಾಜ್ಯ. ಅಲ್ಲಿ ಪ್ರತಿಯೊಂದು ಕಸುಬಿಗೂ ಒಂದು ಬಿಲ್ಲೆ ಇತ್ತು. ಕಲ್ಲು ಕೆತ್ತುವವನಿಗೆ ಬಿಲ್ಲೆ. ಚಿನ್ನ ಕರಗಿಸುವವನಿಗೆ ಬಿಲ್ಲೆ. ಆನೆಯ ಮೈ ತೊಳೆಯುವವನಿಗೂ ಬಿಲ್ಲೆ. ಅದನ್ನು ಎದೆಗೆ ಸಿಕ್ಕಿಸಿಕೊಂಡು ಹೊರಟರೆ ಬೀದಿಯಲ್ಲಿ ದಾರಿ ಬಿಡುತ್ತಿದ್ದರು. ತೋಟ ಕಟ್ಟುವವರಿಗೆ ಮಾತ್ರ ಬಿಲ್ಲೆ ಇರಲಿಲ್ಲ.

ಅಲ್ಲಿ ಒಬ್ಬ ತೋಟಗಾರನಿದ್ದ. ನೀರು ಎಲ್ಲಿ ಓಡುತ್ತದೆ, ನೆರಳು ಎಲ್ಲಿ ಬೀಳುತ್ತದೆ, ಗಾಳಿ ಯಾವ ಸಂದಿಯಿಂದ ಬರುತ್ತದೆ ಎಂದು ಬಲ್ಲವನು. ಊರಿನ ಮದುವೆಗಳಲ್ಲಿ ಚಪ್ಪರಕ್ಕೆ ಜಾಗ ತೋರಿಸುತ್ತಿದ್ದವನು ಅವನೇ. ಆದರೆ ಮದುವೆಯ ದಿನ ಶಿಲ್ಪಿ ಬಂದರೆ ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಿದ್ದರು. ತೋಟಗಾರ ಬಂದರೆ ಬಾಗಿಲಲ್ಲಿ ನಿಂತವರು, “ಓಹೋ, ಬಂದೆಯಾ? ಹಿತ್ತಲಿನಿಂದ ಬಾ” ಎನ್ನುತ್ತಿದ್ದರು. ಅವನು ಹೆಂಡತಿಯನ್ನು ಕರೆದುಕೊಂಡು ಹಿತ್ತಲಿನಿಂದ ಹೋಗಿ ಉಂಡು ಬರುತ್ತಿದ್ದ.

ಮೂವತ್ತು ವರ್ಷ ಹೀಗೆ ನಡೆಯಿತು. ಮೂವತ್ತೊಂದನೆಯ ವರ್ಷ ಹೆಂಡತಿ ಬಾಯಿ ಬಿಟ್ಟಳು.

“ಈ ಊರಿನ ಎಲ್ಲ ಮನೆಗಳ ಬಚ್ಚಲು ನೋಡಿದ್ದಾಯಿತು. ಸಾಯುವುದರೊಳಗೆ ಒಂದು ಮನೆಯ ಪಡಸಾಲೆಯನ್ನಾದರೂ ನೋಡಬೇಕು.”

ತೋಟಗಾರನಿಗೆ ಆ ಮಾತು ನಾಟಿತು. ಊರಿನ ತೋಟಗಾರರನ್ನೆಲ್ಲ ಸೇರಿಸಿಕೊಂಡು ಅರಮನೆಗೆ ಹೋದ. ನಮಗೂ ಒಂದು ಬಿಲ್ಲೆ ಕೊಡಿಸಬೇಕು ಎಂದು ಬೇಡಿಕೊಂಡ.

ಅರಸ ಒಳ್ಳೆಯವನು. “ಕೊಡೋಣ” ಎಂದ. ಮಂತ್ರಿ ಬಲ್ಲವನು. “ಪರೀಕ್ಷೆ ಇಲ್ಲದೆ ಕೊಟ್ಟರೆ ಬಿಲ್ಲೆಗೆ ಮರ್ಯಾದೆ ಇರುವುದಿಲ್ಲ” ಎಂದ. ಎರಡೂ ಸರಿಯಾದ ಮಾತುಗಳೇ.

ಮಂತ್ರಿ ನಿಯಮ ಮಾಡಿದ. ಬೆಳ್ಳಿ, ಹಿತ್ತಾಳೆ, ತಾಮ್ರ ಎಂದು ಮೂರು ಬಿಲ್ಲೆ. ಬಿಲ್ಲೆ ಇಲ್ಲದವನು ಇನ್ನು ಮುಂದೆ ತೋಟ ಕಟ್ಟುವಂತಿಲ್ಲ. ಬಿಲ್ಲೆ ಇದ್ದವನ ಕೈಕೆಳಗೆ ಗುಂಡಿ ತೋಡಬಹುದು. ಪರೀಕ್ಷೆಯಲ್ಲಿ ಬಿದ್ದವನ ತೋಟವನ್ನು ಬೆಳ್ಳಿಯವನು ಕಿತ್ತು ಸರಿಯಾಗಿ ಕಟ್ಟಬೇಕು. ತೋಟಗಾರ ಎಲ್ಲಕ್ಕೂ ಸಂತೋಷದಿಂದ ತಲೆಯಾಡಿಸಿದ. ನಿಯಮದಿಂದ ಕೆಡುಕಾಗುವುದು ಬೇರೆಯವರಿಗೆ ಎಂದು ಎಲ್ಲರೂ ತಿಳಿಯುತ್ತಾರೆ. ಅವನೂ ಹಾಗೆಯೇ ತಿಳಿದ.

ಒಂದು ತೊಡಕು ಬಂತು. ಪರೀಕ್ಷೆ ಮಾಡುವವನಿಗೆ ಬಿಲ್ಲೆ ಇರಬೇಕು. ಆದರೆ ಯಾವ ತೋಟಗಾರನಿಗೂ ಇನ್ನೂ ಬಿಲ್ಲೆ ಸಿಕ್ಕಿರಲಿಲ್ಲ. ಮಂತ್ರಿ ಒಂದು ದಿನ ಯೋಚಿಸಿದ. ಬಿಲ್ಲೆ ಇದ್ದವರಾದರೆ ಆಯಿತು, ಯಾವ ಬಿಲ್ಲೆಯಾದರೇನು ಎಂದು ತೀರ್ಮಾನಿಸಿದ. ಒಬ್ಬ ಶಿಲ್ಪಿಯನ್ನೂ ಒಬ್ಬ ಅಕ್ಕಸಾಲಿಯನ್ನೂ ಪರೀಕ್ಷಕರನ್ನಾಗಿ ಮಾಡಿದ. ಅಂಕ ಬರೆಯಲು ಒಬ್ಬ ಶಾನುಭೋಗನನ್ನು ಕೊಟ್ಟ.

ಊರ ಹೊರಗೆ, ಕೆರೆಯ ಈಚೆಗೆ, ಒಂದು ಬಯಲು. ಅದನ್ನು ಹನ್ನೆರಡು ಪಾಲು ಮಾಡಿ ಚೀಟಿ ಎತ್ತಿಸಿದರು. ಹನ್ನೊಂದು ಪಾಲು ಸಮತಟ್ಟು. ಹನ್ನೆರಡನೆಯದರಲ್ಲಿ ಒಂದು ಬಂಡೆ, ಒಂದು ಸೊಟ್ಟ ಹೊಂಗೆ ಮರ. ಅದು ನಮ್ಮ ತೋಟಗಾರನಿಗೆ ಬಂತು. ತೊಂಬತ್ತು ದಿನದ ಗಡುವು.

ಪಕ್ಕದ ಪಾಲಿನವನು ಮರುಕಪಟ್ಟ. “ಮರ ಕಡಿಯಲು ಹದಿನೈದು ದಿನ. ಬೇರು ಕೀಳಲು ಹದಿನೈದು ದಿನ. ಬಂಡೆ ಒಡೆಯಲು ಒಂದು ತಿಂಗಳು. ನಿನ್ನದು ಮುಗಿಯಿತು ಬಿಡಣ್ಣಾ.”

ತೋಟಗಾರ ಕೊಡಲಿ ಮುಟ್ಟಲಿಲ್ಲ. ಕುಳಿತ. ಬೆಳಿಗ್ಗೆ ಬಂಡೆಯ ಮೇಲೆ ಕುಳಿತ. ಮಧ್ಯಾಹ್ನ ಮರದ ಕೆಳಗೆ ಕುಳಿತ. ಇಳಿಹೊತ್ತಿನಲ್ಲಿ ಪಾಲಿನ ಮೂಲೆಯಲ್ಲಿ ಕುಳಿತ. ಎದ್ದಾಗಲೆಲ್ಲ ಕುಳಿತಲ್ಲಿ ಒಂದು ಕಡ್ಡಿ ನೆಟ್ಟ. ಹೀಗೆ ಒಂದು ತಿಂಗಳು ಕಳೆಯಿತು.

ಪಕ್ಕದವನಿಗೆ ತಡೆಯಲಾಗಲಿಲ್ಲ. “ಏನಣ್ಣಾ, ಪರೀಕ್ಷೆಗೆ ಬಂದೆಯೋ, ಬಾಣಂತನಕ್ಕೆ ಬಂದೆಯೋ?”

“ಈ ಜಾಗಕ್ಕೆ ಮನುಷ್ಯರನ್ನು ಕೂರಿಸಿಕೊಳ್ಳಲು ಬರುತ್ತದೆಯೇ ಎಂದು ನೋಡುತ್ತಿದ್ದೇನೆ.”

ಪಕ್ಕದವನು ನಕ್ಕು ನಕ್ಕು ಗುದ್ದಲಿ ಕಾಲ ಮೇಲೆ ಹಾಕಿಕೊಂಡ.

ಎರಡನೆಯ ತಿಂಗಳು ತೋಟಗಾರ ಎದ್ದ. ತಲೆಗೆ ತಾಗುತ್ತಿದ್ದ ಎರಡು ಕೊಂಬೆ ಸವರಿದ. ಬಂಡೆಯ ಸುತ್ತ ನೆಲ ಮಟ್ಟ ಮಾಡಿ ಮರಳು ಹರಡಿದ. ಮಳೆನೀರು ನಿಲ್ಲದಂತೆ ಒಂದು ಗೇಣು ಅಗಲದ ಕಾಲುವೆ ತೆಗೆದ. ಸುತ್ತಲೂ ಬೇಲಿ ಹಾಕಿದ. ಕೆರೆಯ ಕಡೆಗೆ ಮಾತ್ರ ಮೂರು ಮಾರು ಬಿಟ್ಟ. ಅಷ್ಟೇ. ಮೂರನೆಯ ತಿಂಗಳು ಮತ್ತೆ ಕುಳಿತ.

ಉಳಿದವರು ಸುಮ್ಮನಿರಲಿಲ್ಲ. ಪಕ್ಕದವನು ನೂಲು ಹಿಡಿದು ನೂರೆಂಟು ಚೌಕದ ಪಾತಿ ಮಾಡಿದ. ಒಂದೊಂದರಲ್ಲಿ ಒಂದೊಂದು ಬಣ್ಣದ ಹೂ. ಇನ್ನೊಬ್ಬ ಹೂಗಿಡಗಳಲ್ಲಿ ನವಿಲು ಮಾಡಿದ. ಅದರ ಗರಿ ಬೆಳೆದು ಮುಂದಿನ ಪಾಲಿಗೆ ನುಗ್ಗಿತು, ಜಗಳವಾಯಿತು. ಮತ್ತೊಬ್ಬ ಪೊದೆ ಕತ್ತರಿಸಿ ಆನೆ ಮಾಡಿದ. ಗಡುವಿಗೆ ಮೂರು ದಿನ ಇರುವಾಗ ಸೊಂಡಿಲು ಒಣಗಿ ಬಿತ್ತು. ಅದನ್ನು ಕರಡಿ ಎಂದು ಬರೆಸಿದ.

ವೈಶಾಖದ ಬಿಸಿಲಿನಲ್ಲಿ ಪರೀಕ್ಷಕರು ಬಂದರು. ಶಿಲ್ಪಿ ತೂಗುಗುಂಡು ಹಿಡಿದು ಗಿಡಗಳು ನೆಟ್ಟಗಿವೆಯೇ ಎಂದು ನೋಡಿದ. ಅಕ್ಕಸಾಲಿ ತಕ್ಕಡಿ ತಂದಿದ್ದ. ಹೂ ಕಿತ್ತು ತೂಗಿದ. ಶಾನುಭೋಗ ಬರೆದುಕೊಂಡ. ನೂರೆಂಟು ಚೌಕದ ಮುಂದೆ ನಿಂತಾಗ ಶಿಲ್ಪಿಯ ಕಣ್ಣಲ್ಲಿ ನೀರು ಬಂತು. ಅದು ಸಂತೋಷಕ್ಕೋ ಬಿಸಿಲಿಗೋ ಎಂದು ಯಾರೂ ಕೇಳಲಿಲ್ಲ.

ಹನ್ನೆರಡನೆಯ ಪಾಲಿಗೆ ಬಂದರು.

“ಇಲ್ಲಿ ನೀನು ಮಾಡಿದ್ದೇನು?” ಎಂದ ಶಿಲ್ಪಿ.

“ಮರ ಕಡಿಯಲಿಲ್ಲ, ಸ್ವಾಮಿ.”

“ನಾನು ಕೇಳಿದ್ದು ಏನು ಮಾಡಿದೆ ಎಂದು. ಮಾಡದಿದ್ದುದನ್ನು ಹೇಳಬೇಡ. ಈ ಬಂಡೆ?”

“ಮೊದಲೇ ಇತ್ತು. ಒಡೆಯಲಿಲ್ಲ.”

ಶಾನುಭೋಗ ತಲೆ ಎತ್ತಿದ. “ನನ್ನ ಕಡತದಲ್ಲಿ ಮಾಡಿದ ಕೆಲಸಕ್ಕೆ ಜಾಗವಿದೆ. ಮಾಡದ ಕೆಲಸಕ್ಕೆ ಜಾಗವಿಲ್ಲ. ಯೋಚಿಸಿ ಮಾತಾಡು.”

ತೋಟಗಾರ ಯೋಚಿಸಿದ. “ಗಾಳಿ ಬರಲೆಂದು ಬೇಲಿಯಲ್ಲಿ ಮೂರು ಮಾರು ಬಿಟ್ಟಿದ್ದೇನೆ.”

ಶಾನುಭೋಗನಿಗೆ ಬರೆಯಲು ಏನೋ ಸಿಕ್ಕಿತು. “ಬೇಲಿ ಅಪೂರ್ಣ” ಎಂದು ಬರೆದ.

ಅಂಕಗಳನ್ನು ಕೂಡಬೇಕಾಗಿತ್ತು. ಒಂಬತ್ತು ದಿನದ ಕೆಲಸ. ಬಯಲಿನಲ್ಲಿ ಬಿಸಿಲು ಕಾದ ಹಂಚಿನಂತಿತ್ತು. ಪರೀಕ್ಷಕರು ಒಬ್ಬರನ್ನೊಬ್ಬರು ಕೇಳದೆಯೇ ಹೊಂಗೆ ಮರದ ಕಡೆ ನಡೆದರು. ಬೇಲಿ ಅಪೂರ್ಣವಾಗಿದ್ದ ಜಾಗದಿಂದಲೇ ಒಳಗೆ ಹೋದರು. ಶಾನುಭೋಗ ಬಂಡೆಗೆ ಒರಗಿ ಕಡತ ಬಿಚ್ಚಿದ. ಶಿಲ್ಪಿ ಮರಳಿನ ಮೇಲೆ ಕಾಲು ಚಾಚಿದ. ಅಕ್ಕಸಾಲಿ ಊಟವಾದ ಕೂಡಲೇ ಮಲಗಿದ. ಒಂಬತ್ತು ದಿನವೂ ಹೀಗೆಯೇ ನಡೆಯಿತು. ಒಂದು ದಿನ ಅಕ್ಕಸಾಲಿ ನಿದ್ದೆಯ ನಡುವೆ ಗೊರಕೆ ನಿಲ್ಲಿಸಿ, “ಆಹಾ, ಎಂಥ ಗಾಳಿ!” ಎಂದು ಮತ್ತೆ ಗೊರಕೆ ಹೊಡೆದ. ಗಾಳಿಗೆ ಅಂಕವಿರಲಿಲ್ಲ.

ತೋಟಗಾರ ಅವರಿಗೆ ಕುಡಿಯಲು ನೀರು ತಂದುಕೊಡುತ್ತಿದ್ದ. ಒಂಬತ್ತನೆಯ ದಿನ ಧೈರ್ಯ ಮಾಡಿದ.

“ಸ್ವಾಮಿ, ಈಗ ತಾವು ಕುಳಿತಿರುವ ಜಾಗ...”

“ಸದ್ದು ಮಾಡಬೇಡ” ಎಂದ ಶಾನುಭೋಗ. “ನಿನ್ನ ಅಂಕಗಳನ್ನೇ ಕೂಡುತ್ತಿದ್ದೇನೆ.”

ಕೂಡಿದ ಮೇಲೆ ತೋಟಗಾರ ಹನ್ನೆರಡನೆಯವನಾಗಿದ್ದ. ಕರಡಿ ಮಾಡಿದವನಿಗೆ ತಾಮ್ರ ಸಿಕ್ಕಿತು. ನೂರೆಂಟು ಚೌಕದವನಿಗೆ ಬೆಳ್ಳಿ.

ಬಿಲ್ಲೆ ಕೊಡಲು ಅರಸ ಬಂದ. ನೂರೆಂಟು ಚೌಕದ ಮುಂದೆ ನಿಂತು ಭೇಷ್ ಎಂದ. ಎರಡನೆಯ ಸಲ ಭೇಷ್ ಎನ್ನುವ ಹೊತ್ತಿಗೆ ಕಿರೀಟ ಕಾದು ಹಣೆ ಸುಟ್ಟಿತು. “ಸಮಾರಂಭ ಎಲ್ಲಿ?” ಎಂದು ಸುತ್ತ ನೋಡಿದ. ಸಮಾರಂಭ ಆಗಲೇ ಹೊಂಗೆ ಮರದ ಕೆಳಗೆ ಹೋಗಿ ನಿಂತಿತ್ತು. ಅರಸನೂ ಅಲ್ಲಿಗೆ ಹೋಗಿ ಬಂಡೆಯ ಮೇಲೆ ಕುಳಿತು ಬಿಲ್ಲೆ ಹಂಚಿದ. ಬಿಲ್ಲೆ ಸಿಕ್ಕದವರು ಬೇಲಿಯ ಹೊರಗೆ ನಿಲ್ಲಬೇಕಾಗಿತ್ತು.

ತೋಟಗಾರನ ಹೆಂಡತಿ ಸೆರಗು ತಲೆಯ ಮೇಲೆಳೆದುಕೊಂಡಳು. “ನಮ್ಮ ನೆರಳಲ್ಲಿ ಕುಳಿತು ನಮ್ಮನ್ನೇ ಬಿಸಿಲಿಗೆ ಹಾಕಿದರಲ್ಲ” ಎಂದಳು. ತೋಟಗಾರ ಮರವನ್ನು ನೋಡುತ್ತಿದ್ದ. ನಿಯಮದಂತೆ ನಾಳೆ ಅದನ್ನು ಕಡಿಯುತ್ತಾರೆ.

ಮರುದಿನ ಬೆಳ್ಳಿ ಬಿಲ್ಲೆಯವನು ನಾಲ್ಕು ಕೊಡಲಿ, ನಾಲ್ಕು ಆಳು ಕರೆದುಕೊಂಡು ಬಂದ. ಬೇರು ಕೀಳುವ ಗುಂಡಿ ತೋಡಲು ನಮ್ಮ ತೋಟಗಾರನನ್ನೇ ಕರೆದ. ಬಿಲ್ಲೆ ಇಲ್ಲದವನಿಗೆ ಬೇರೆ ಕೆಲಸ ಎಲ್ಲಿದೆ? ಅವನು ಗುದ್ದಲಿ ಹಿಡಿದು ಬಂದ.

ಕೊಡಲಿ ಮಸೆಯುವ ಹೊತ್ತಿಗೆ ಬಿಸಿಲೇರಿತು. “ಮೊದಲು ರೊಟ್ಟಿ ತಿನ್ನೋಣ” ಎಂದರು ಆಳುಗಳು. ಮರದ ಕೆಳಗೆ ಕುಳಿತು ತಿಂದರು. ತಿಂದ ಮೇಲೆ ಗಾಳಿ ಬಂತು. ಗಾಳಿ ಬಂದ ಮೇಲೆ ನಿದ್ದೆ ಬಂತು. ಎದ್ದಾಗ ಇಳಿಹೊತ್ತು. “ಈಗ ಶುರು ಮಾಡಿದರೆ ಅರ್ಧಕ್ಕೆ ನಿಲ್ಲುತ್ತದೆ, ನಾಳೆ ಮಾಡೋಣ” ಎಂದ ಬೆಳ್ಳಿ ಬಿಲ್ಲೆಯವನು. ನಾಳೆಯೂ ಬಿಸಿಲೇರಿತು. ನಾಳೆಯೂ ರೊಟ್ಟಿ ಇತ್ತು.

ಶಾನುಭೋಗ ತಿಂಗಳಿಗೊಮ್ಮೆ ಬಂದು, ಬಂಡೆಗೆ ಒರಗಿ, “ಮರ ಕಡಿಯುವ ಕೆಲಸ ನಡೆಯುತ್ತಿದೆ” ಎಂದು ಬರೆದುಕೊಂಡು ಹೋಗುತ್ತಿದ್ದ.

ಒಂದು ದಿನ ತೋಟಗಾರ ಕೇಳಿಯೇಬಿಟ್ಟ. “ಅಣ್ಣಾ, ಈ ಮರ ಯಾವಾಗ ಕಡಿಯುತ್ತೀಯೆ?”

“ನಿನಗೇನು ಬುದ್ಧಿ ಇಲ್ಲವೇ?” ಎಂದ ಬೆಳ್ಳಿ ಬಿಲ್ಲೆಯವನು. “ಕಡಿದರೆ ಕಡಿಯುವವರು ಎಲ್ಲಿ ಕೂರಬೇಕು?”

ವರ್ಷಗಳು ಹೋದವು. ನೂರೆಂಟು ಚೌಕಕ್ಕೆ ದಿನಕ್ಕೆ ನೂರೆಂಟು ಕೊಡ ನೀರು ಬೇಕಾಗಿತ್ತು. ಮೂರನೆಯ ಬೇಸಗೆಗೆ ಅದು ಒಣಗಿತು. ದರ್ಜೆ ಒಣಗಲಿಲ್ಲ. ಪರವೂರಿನವರು ರಾಜ್ಯದ ಮೊದಲ ದರ್ಜೆಯ ತೋಟ ನೋಡಲು ಬರುತ್ತಿದ್ದರು. ಒಂದು ಗಳಿಗೆ ನೋಡಿ ಹೊಂಗೆಯ ಕೆಳಗೆ ಮೂರು ಗಳಿಗೆ ಕೂರುತ್ತಿದ್ದರು. ತೋಟಗಾರ ಪ್ರತಿ ವರ್ಷ ಪರೀಕ್ಷೆಗೆ ಕುಳಿತ. ಈಗ ಪರೀಕ್ಷಕರು ಬಿಲ್ಲೆ ಪಡೆದ ತೋಟಗಾರರೇ. ಅವರು ನಿಯಮಗಳ ಹೊತ್ತಗೆಯನ್ನೇ ಬರೆದಿದ್ದರು. ಮೊದಲೇ ಇದ್ದುದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಮೊದಲನೆಯ ನಿಯಮ. ಅವನು ಪ್ರತಿ ವರ್ಷ ಬಿದ್ದ.

ಒಂದು ವೈಶಾಖದಲ್ಲಿ ಶಿಲ್ಪಿಯ ಮಗಳ ಮದುವೆ ಬಂತು. ಮನೆಯಲ್ಲಿ ಸೆಕೆ. ಚಪ್ಪರ ಏಕೆ, ಹೊಂಗೆ ಮರವೇ ಇದೆಯಲ್ಲ ಎಂದು ಮದುವೆಯನ್ನು ಅಲ್ಲಿಗೇ ತೆಗೆದುಕೊಂಡು ಹೋದರು. ಬೇಲಿಯ ಮೂರು ಮಾರು ಸಂದಿಯಲ್ಲಿ ಹೆಣ್ಣಿನ ಸೋದರಮಾವ ಪನ್ನೀರು ಹಿಡಿದು ನಿಂತಿದ್ದ. ತೋಟಗಾರನೂ ಅವನ ಹೆಂಡತಿಯೂ ಬಂದರು.

ಸೋದರಮಾವನ ಬಾಯಿಗೆ ರೂಢಿಯ ಮಾತು ಬಂತು. “ಓಹೋ, ಬಂದೆಯಾ? ಹಿತ್ತಲಿನಿಂದ ಬಾ.”

ತೋಟಗಾರ ತಲೆಯಾಡಿಸಿ ಒಳಗೆ ಹೊರಟ. ಜಮಖಾನೆ ತುಳಿಯದಂತೆ ಮರವನ್ನು ಒಂದು ಸುತ್ತು ಹಾಕಿ ಮತ್ತೆ ಸೋದರಮಾವನ ಎದುರಿಗೇ ಬಂದು ನಿಂತ.

“ಯಾಕೆ, ಮತ್ತೆ ಇಲ್ಲೇ ಬಂದೆ?”

“ಹಿತ್ತಲು ಸಿಗಲಿಲ್ಲ, ಸ್ವಾಮಿ.”

“ಸರಿಯಾಗಿ ನೋಡು. ಇರದೆ ಎಲ್ಲಿ ಹೋಗುತ್ತದೆ?”

ತೋಟಗಾರ ಎರಡನೆಯ ಸುತ್ತು ಹಾಕಿದ. ಈ ಸಲ ಹೆಂಡತಿಯೂ ಹಿಂದೆ ನಡೆದಳು. ಇಬ್ಬರೂ ಮತ್ತೆ ಬಂದು ನಿಂತರು. ಸೋದರಮಾವನಿಗೆ ರೇಗಿತು. ಪನ್ನೀರುದಾನಿಯನ್ನು ಪಕ್ಕದವರ ಕೈಗೆ ಕೊಟ್ಟು, “ಬನ್ನಿ, ನಾನೇ ತೋರಿಸುತ್ತೇನೆ” ಎಂದು ಮುಂದೆ ಹೊರಟ. ಮೂವರೂ ಮರವನ್ನು ಸುತ್ತಿದರು. ಜಮಖಾನೆಯ ಮೇಲೆ ಕುಳಿತವರೆಲ್ಲ ಕತ್ತು ತಿರುಗಿಸಿ ನೋಡಿದರು. ಎಲ್ಲಿ ನೋಡಿದರೂ ಅದೇ ನೆರಳು, ಅದೇ ಮರಳು, ಅದೇ ಗಾಳಿ. ಸೋದರಮಾವ ಹೊರಟಲ್ಲಿಗೇ ಬಂದು ನಿಂತ.

“ಈಗ ತಾನೇ ಇತ್ತಲ್ಲ” ಎಂದ.

ತೋಟಗಾರನ ಹೆಂಡತಿ ಇನ್ನು ಕಾಯಲಿಲ್ಲ. ಹೋಗಿ ಎಲ್ಲರಿಗಿಂತ ಮುಂದೆ, ಬಂಡೆಯ ಮೇಲೆ ಕುಳಿತಳು. ಸುತ್ತಲೂ ಒಮ್ಮೆ ನೋಡಿದಳು.

“ಪಡಸಾಲೆ ಚೆನ್ನಾಗಿದೆ” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯಲ್ಲಿ ಎಲೆ ತೆಗೆಯುವ ಸದ್ದು ಕೇಳುತ್ತಿತ್ತು.

“ಅವನಿಗೆ ಬಿಲ್ಲೆ ಸಿಕ್ಕಿತೇ?” ಎಂದ ಮುರಿಗೆಪ್ಪ.

“ಇಲ್ಲ.”

“ಕೊನೆಗೂ?”

“ಕೊನೆಗೂ.”

“ಅದು ಅನ್ಯಾಯ, ಗುರುಗಳೇ.”

“ಅನ್ಯಾಯವೇ. ಅವನು ಬಿಲ್ಲೆ ಕೇಳಿದ್ದರಲ್ಲಿ ತಪ್ಪಿಲ್ಲ. ಕೊಡದಿದ್ದುದು ತಪ್ಪು.”

ಮುರಿಗೆಪ್ಪನ ಮುಖ ಅರಳಿತು. ಹೆಂಚಿನ ಚೂರು ಸರಿಸಿ ಅರ್ಜಿ ಎತ್ತಿಕೊಂಡ. ಕೊನೆಯ ಹಾಳೆ ತಿರುಗಿಸಿ ಲೇಖನಿ ಮುಂದೆ ಚಾಚಿದ. “ನನ್ನ ವಿಷಯದಲ್ಲಿ ಹಾಗಾಗುವುದಿಲ್ಲ. ನಮ್ಮ ಪರೀಕ್ಷಕರು ಬರುವುದು ಕಾರ್ತಿಕದಲ್ಲಿ. ಆಗ ಬಿಸಿಲಿರುವುದಿಲ್ಲ. ತಾವು ಒಮ್ಮೆ ಮುಂದಿನ ಅಂಗಳವನ್ನು ಕಣ್ಣಾರೆ ನೋಡಿ ರುಜು ಹಾಕಿದರೆ ಸಾಕು.”

ನುಗ್ಗೆ ಎಲೆಗಳ ನಡುವಿನಿಂದ ಬಿಸಿಲು ಗುರುಗಳ ಮುಖಕ್ಕೆ ಬಂತು. ಅವರು ತಮ್ಮ ಚಾಪೆಯನ್ನು ಒಗೆಯುವ ಕಲ್ಲಿನ ಕಡೆಗೆ ಒಂದು ಮೊಳ ಸರಿಸಿಕೊಂಡರು. ಲೇಖನಿ ಕೈಗೆ ತೆಗೆದುಕೊಂಡರು.

“ನೋಡಿದ್ದೇನೆ, ಮುರಿಗೆಪ್ಪ. ಅದು ಮುಗಿದ ದಿನದಿಂದಲೇ ನಾನು ಇಲ್ಲಿ ಬಂದು ಕೂರುತ್ತಿದ್ದೇನೆ.”